ಸಿಂಹಾಸನವೂ ಸೈನಿಕರೂ: ರೋಜರ್ ಜೆಲಾಜ್ನಿಯ ಒಂದು ಅದ್ಭುತ ಕಾದಂಬರಿ

ಕತ್ತಿವರಸೆ, ಮಾಯೆ, ಸೆರೆಮನೆ, ಪಲಾಯನ ಇವುಗಳಿಂದ ತುಂಬಿದ ಸಾಹಸಕಥೆಗಳನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ಹೊಸ್ತಿಲಾಚೆಯೇ ನಿಲ್ಲಿಸುತ್ತದೆ. ಹುಡುಗರು ಓದಿಕೊಳ್ಳಲಿ, ರೈಲುಪ್ರಯಾಣಿಕರು ಹೊತ್ತು ಕಳೆಯಲಿ ಎಂಬುದು ನಮ್ಮ ಉದಾಸೀನ. ಆದರೆ ಅದ್ಭುತವೂ ವೀರವೂ ನಮ್ಮ ಕಾವ್ಯಮೀಮಾಂಸೆ ಒಪ್ಪಿದ ರಸಗಳೇ. ಅವನ್ನು ನೆಚ್ಚಿಕೊಂಡ ಕೃತಿ ರಂಜಕವಾದ ಮಾತ್ರಕ್ಕೆ ಹಗುರವಾಗಬೇಕಾಗಿಲ್ಲ. ಈ ಮಾತಿಗೆ ನಿದರ್ಶನವಾಗಿ ಅಮೆರಿಕದ ಲೇಖಕ ರೋಜರ್ ಜೆಲಾಜ್ನಿಯ ‘ನೈನ್ ಪ್ರಿನ್ಸಸ್ ಇನ್ ಆಂಬರ್’ ಎಂಬ ಕಾದಂಬರಿಯನ್ನು ಇಲ್ಲಿ ಪರಿಶೀಲಿಸಬಹುದು.

ಜೆಲಾಜ್ನಿ 1937ರಲ್ಲಿ ಒಹಾಯೋ ಪ್ರಾಂತದಲ್ಲಿ ಹುಟ್ಟಿ 1995ರಲ್ಲಿ ತೀರಿಕೊಂಡವನು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಈತ ವಿಶೇಷವಾಗಿ ವ್ಯಾಸಂಗ ಮಾಡಿದ್ದು ಎಲಿಜಬೆತ್ ರಾಣಿಯ ಕಾಲದ ಮತ್ತು ಅದರ ಮುಂದಿನ ಕಾಲದ ಇಂಗ್ಲಿಷ್ ನಾಟಕಗಳನ್ನು. ನಮ್ಮ ದೇವತೆಗಳ ಹೆಸರುಗಳನ್ನೂ ಬುದ್ಧನ ಕಥೆಯನ್ನೂ ಬಳಸಿಕೊಂಡು ಈತ ಬರೆದ ‘ಲಾರ್ಡ್ ಆಫ್ ಲೈಟ್’ (1967) ಹ್ಯೂಗೋ ಪ್ರಶಸ್ತಿ ಪಡೆಯಿತು. ಪ್ರಕೃತ ಕಾದಂಬರಿ 1970ರಲ್ಲಿ ಪ್ರಕಟವಾಗಿ, 1978ರ ಹೊತ್ತಿಗೆ ಐದು ಸಂಪುಟಗಳ ಮಾಲೆಯಾಗಿ ಬೆಳೆಯಿತು.

ಕಥೆಯ ಸಾರವಿಷ್ಟು. ವಾಹನ ಅಪಘಾತಕ್ಕೆ ಸಿಕ್ಕ ಒಬ್ಬಾತ ಆಸ್ಪತ್ರೆಯಲ್ಲಿ ಎಚ್ಚರಗೊಳ್ಳುತ್ತಾನೆ. ತಾನು ಯಾರೆಂಬುದೇ ಅವನಿಗೆ ನೆನಪಿಲ್ಲ. ಉಪಾಯದಿಂದ ಹೊರಬಿದ್ದು, ತನ್ನ ತಂಗಿಯ ಮನೆಯನ್ನು ಸೇರಿ, ಎಲ್ಲವನ್ನೂ ಬಲ್ಲವನಂತೆ ನಟಿಸುತ್ತ ಒಂದೊಂದೇ ಸಂಗತಿಯನ್ನು ಸಂಗ್ರಹಿಸುತ್ತಾನೆ. ಆತನ ಹೆಸರು ಕಾರ್ವಿನ್. ಆಂಬರ್ ಎಂಬ ನಗರದ ಒಂಬತ್ತು ಮಂದಿ ರಾಜಕುಮಾರರಲ್ಲಿ ಒಬ್ಬ. ತಂದೆ ಓಬೆರಾನ್ ಕಣ್ಮರೆಯಾಗಿದ್ದಾನೆ. ಸೋದರನಾದ ಎರಿಕ್ ಪಟ್ಟಕ್ಕೆ ಕೈಹಾಕಿದ್ದಾನೆ. ಆಂಬರ್ ಒಂದೇ ನಿಜವಾದ ನಗರ. ನಮ್ಮ ಭೂಮಿಯೂ ಸೇರಿದಂತೆ ಉಳಿದ ಲೋಕಗಳೆಲ್ಲ ಅದರ ನೆರಳುಗಳು ಎಂಬುದು ಕಥೆಯ ಮೂಲ ಕಲ್ಪನೆ. ಕಾರ್ವಿನ್ ನೆರಳುಲೋಕಗಳಲ್ಲಿ ಸೈನ್ಯ ಕಟ್ಟಿ, ಬ್ಲೇಸ್ ಎಂಬ ಸೋದರನೊಡನೆ ಆಂಬರ್ ಮೇಲೆ ದಂಡೆತ್ತಿ ಹೋಗಿ, ಸೋತು, ಸೆರೆಸಿಕ್ಕು, ಕಣ್ಣು ಕಳೆದುಕೊಂಡು ಕತ್ತಲೆಮನೆಗೆ ಬೀಳುತ್ತಾನೆ. ಆ ವಂಶದವರ ದೇಹಶಕ್ತಿಯಿಂದ ವರ್ಷಗಳ ಮೇಲೆ ಕಣ್ಣು ಮತ್ತೆ ಬೆಳೆದು, ಹುಚ್ಚನಂತೆ ಕಾಣುವ ವೃದ್ಧ ಡ್ವಾರ್ಕಿನ್ ಗೋಡೆಯ ಮೇಲೆ ಬರೆದ ಚಿತ್ರದ ಮೂಲಕ ಪಾರಾಗುತ್ತಾನೆ.

ಸಂವಿಧಾನದ ದೃಷ್ಟಿಯಿಂದ ಕೃತಿಯ ಪೂರ್ವಾರ್ಧ ಪ್ರಶಂಸನೀಯವಾದುದು. ಹೊಸ ಲೋಕವೊಂದನ್ನು ಓದುಗನಿಗೆ ಪರಿಚಯಿಸಲು ಅನೇಕರು ಪುಟಗಟ್ಟಲೆ ಪೀಠಿಕೆ ಹಾಕುತ್ತಾರೆ. ಜೆಲಾಜ್ನಿಯಾದರೋ ನಾಯಕನ ಮರೆವನ್ನೇ ಉಪಕರಣ ಮಾಡಿಕೊಂಡಿದ್ದಾನೆ. ನಾಯಕ ತಿಳಿದಷ್ಟೇ ನಾವೂ ತಿಳಿಯುತ್ತೇವೆ, ಅವನ ಸಂಶಯವೇ ನಮ್ಮ ಸಂಶಯ. ಒಡಹುಟ್ಟಿದವರ ಮುಖಗಳು ಮೊದಲು ಕಾಣಿಸುವುದು ಚಿತ್ರದ ಎಲೆಗಳಲ್ಲಿ. ಎಲೆಯನ್ನು ದಿಟ್ಟಿಸಿದರೆ ಅದರಲ್ಲಿರುವವನೊಡನೆ ಮಾತಾಡಬಹುದು, ಅವನ ಕೈಹಿಡಿದು ಅವನಿದ್ದೆಡೆಗೆ ದಾಟಲೂಬಹುದು. ಗಂಜೀಫಾ ಎಲೆಗಳನ್ನು ಕಂಡವರಿಗೆ ಈ ಕಲ್ಪನೆ ಸುಲಭವಾಗಿ ಹಿಡಿಸುತ್ತದೆ. ಸಮುದ್ರದಡಿಯಲ್ಲಿ ಆಂಬರಿನ ಪ್ರತಿಬಿಂಬವಾಗಿರುವ ರೆಬ್ಮಾ ನಗರ, ಅಲ್ಲಿನ ರೇಖಾವಿನ್ಯಾಸದ ಮೇಲೆ ಹೆಜ್ಜೆಹೆಜ್ಜೆಗೂ ತಡೆಯನ್ನು ನೂಕಿ ನಡೆದು ನಾಯಕ ನೆನಪನ್ನು ಮರಳಿ ಪಡೆಯುವ ಪ್ರಸಂಗ, ಇವು ಅದ್ಭುತರಸದ ಒಳ್ಳೆಯ ಉದಾಹರಣೆಗಳು. ಭಾಷೆ ಮಾತ್ರ ಎರಡು ತೆರ: ಒಮ್ಮೆ ಬೀದಿಯ ಅಮೆರಿಕನ್ ಮಾತು, ಒಮ್ಮೆ ಹಳೆಯ ನಾಟಕಗಳ ಗಾಂಭೀರ್ಯ. ಈ ಬೆರಕೆ ಕೆಲವೆಡೆ ಕರ್ಕಶವಾದರೂ ನಾಯಕನ ಎರಡು ಬಾಳುಗಳಿಗೆ ಹೊಂದಿಕೊಂಡೇ ಇದೆ.

ಆದರೆ ಕೃತಿಯ ನಿಜವಾದ ಪರೀಕ್ಷೆ ನಡೆಯುವುದು ಯುದ್ಧದಲ್ಲಿ. ಕಾರ್ವಿನ್‌ನನ್ನೂ ಬ್ಲೇಸ್‌ನನ್ನೂ ದೇವರೆಂದೇ ನಂಬಿ ಹಿಂಬಾಲಿಸಿದ ನೆರಳುಲೋಕದ ಜನ ಸಮುದ್ರದಲ್ಲಿ ಮುಳುಗುತ್ತಾರೆ, ಕಾಡಿನ ಬೆಂಕಿಯಲ್ಲಿ ಬೇಯುತ್ತಾರೆ. ಕೊನೆಗೆ ಕಾಲ್ವಿರ್ ಬೆಟ್ಟದ ಕಿರಿದಾದ ಮೆಟ್ಟಿಲುಗಳ ಮೇಲೆ ಒಬ್ಬರ ಹಿಂದೆ ಒಬ್ಬರಾಗಿ ಹತ್ತಿ, ಮುಂದಿನವನು ಬಿದ್ದೊಡನೆ ಹಿಂದಿನವನು ಅವನ ಜಾಗದಲ್ಲಿ ನಿಂತು ಸಾಯುತ್ತಾನೆ. ಅವರಿಗೆ ಆಂಬರ್ ಯಾರದಾದರೇನು? ಈ ಪ್ರಶ್ನೆ ಕಾರ್ವಿನ್‌ನನ್ನೂ ಚುಚ್ಚುತ್ತದೆ. ಹಿಂದೊಮ್ಮೆ ಎರಿಕ್ ಅವನನ್ನು ಪ್ಲೇಗು ಹಬ್ಬಿದ್ದ ಲಂಡನ್ ನಗರದಲ್ಲಿ ಸಾಯಲೆಂದು ಬಿಟ್ಟಿದ್ದ. ನೆನಪಿಲ್ಲದೆ ಶತಮಾನಗಳ ಕಾಲ ಅವನು ನಮ್ಮಂಥವರ ನಡುವೆ ಬಾಳಿದ. ಅವನಲ್ಲಿ ಕನಿಕರವೆಂಬುದು ಮೊಳೆತದ್ದು ಅಲ್ಲಿ. ಹಾಗಾದರೆ ಕೃತಿಯ ಮೂಲ ಕಲ್ಪನೆಯನ್ನು ಕೃತಿಯೇ ತಿರುವುಹಾಕಿದಂತಾಯಿತು. ಯಾವುದನ್ನು ನೆರಳೆಂದು ರಾಜಧಾನಿ ಕಡೆಗಣಿಸಿತೋ ಅಲ್ಲಿಯೇ ರಾಜಕುಮಾರ ಮನುಷ್ಯತ್ವ ಕಲಿತ. ಗಡಿಯಲ್ಲಿ ಬಾಳುವ ನಾವು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ನಡುಮನೆ ನಿಜ, ಅಂಚು ಅದರ ನೆರಳು ಎಂಬ ಎಣಿಕೆ ಕಥೆಯಲ್ಲಿ ಮಾತ್ರ ಇರುವುದಲ್ಲ.

ಈ ಸಂದರ್ಭದಲ್ಲಿ ಕನ್ನಡ ಓದುಗನಿಗೆ ಪಂಪನ ‘ಆದಿಪುರಾಣ’ (941) ನೆನಪಾಗದಿರದು. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರ ಅಯೋಧ್ಯೆಯ ಹೊರಗೇ ನಿಂತಿತು. ತಮ್ಮನಾದ ಬಾಹುಬಲಿ ಮಣಿಯಲೊಲ್ಲ. ಎರಡು ಸೈನ್ಯಗಳೂ ಎದುರಾದಾಗ ಮಂತ್ರಿಗಳು ಅಡ್ಡಬಂದರು. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಅವರು ಸಾಯುವವರಲ್ಲ, ಸಾಯುವವರು ಸೈನಿಕರು ಎಂಬುದು ಅವರ ವಿವೇಕ. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆದವು. ಗೆದ್ದ ಬಾಹುಬಲಿಯೇ ಗೆದ್ದುದನ್ನು ಬಿಟ್ಟು ತಪಸ್ಸಿಗೆ ಹೋದ. ಆಂಬರಿನಲ್ಲಿ ಅಂಥ ಮಂತ್ರಿ ಒಬ್ಬನೂ ಇಲ್ಲ. ಎರಿಕನ ಪಟ್ಟಾಭಿಷೇಕದಲ್ಲಿ ಸೆರೆಯಾಳಾದ ಕಾರ್ವಿನ್ ಕಿರೀಟವನ್ನು ಕಿತ್ತು ತನ್ನ ತಲೆಯ ಮೇಲೇ ಇಟ್ಟುಕೊಳ್ಳುತ್ತಾನೆ. ಛಲದ ದೃಷ್ಟಿಯಿಂದ ರೋಮಾಂಚಕಾರಿಯಾದ ಪ್ರಸಂಗವಿದು. ಆದರೆ ಮೆಟ್ಟಿಲುಗಳ ಮೇಲೆ ಬಿದ್ದವರನ್ನು ಆ ಗಳಿಗೆಯಲ್ಲಿ ಅವನೂ ನೆನೆಯುವುದಿಲ್ಲ. ವೈರಾಗ್ಯವನ್ನು ಜೆಲಾಜ್ನಿಯಿಂದ ನಿರೀಕ್ಷಿಸುವುದು ಔಚಿತ್ಯವಲ್ಲ, ನಿಜ. ಸತ್ತವರ ಲೆಕ್ಕವನ್ನು ಕೇಳುವುದು ಮಾತ್ರ ಉಚಿತವೇ.

ಪಂಪನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಇಲ್ಲಿ ಸ್ಮರಿಸಬಹುದು. ಆತನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಅದೇ ರಾಜ್ಯದ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿಯೂ ಬರೆಸಿದ ಶಾಸನ ಅಣ್ಣನ ಕೀರ್ತಿಯನ್ನು ಸಾರುತ್ತದೆ. ಸೋದರಕಲಹವನ್ನು ಅಷ್ಟು ಆಳವಾಗಿ ಕಂಡ ಕವಿಗೆ ದೊರೆತ ತಮ್ಮ ಇಂಥವನು.

ಕಾದಂಬರಿಯ ದೋಷಗಳನ್ನೂ ಹೇಳಬೇಕು. ಶೀರ್ಷಿಕೆ ಒಂಬತ್ತು ಕುಮಾರರನ್ನು ಎಣಿಸುತ್ತದೆ. ಚಿತ್ರದೆಲೆಗಳಲ್ಲಿ ಕಾಣುವ ನಾಲ್ವರು ಸೋದರಿಯರು ಎಣಿಕೆಗೇ ಬಂದಿಲ್ಲ. ಎರಿಕ್ ಮತ್ತು ಬ್ಲೇಸ್ ಬಣ್ಣದಿಂದ, ಉಡುಗೆಯಿಂದ ಗುರುತಾಗುವಷ್ಟು ಮನಸ್ಸಿನಿಂದ ಗುರುತಾಗುವುದಿಲ್ಲ. ದಂಡಯಾತ್ರೆಯ ವರ್ಣನೆ ಅವಸರದ್ದು. ಕಥೆ ಮುಗಿಯದೆ ಮುಂದಿನ ಸಂಪುಟದ ಹೊಸ್ತಿಲಲ್ಲಿ ನಿಲ್ಲುತ್ತದೆ.

ಆದರೂ ಕಡೆಯ ಪುಟಗಳ ಒಂದು ನೋಟ ಈ ಕೊರತೆಗಳನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಪಾರಾಗಿ ದೋಣಿಯಲ್ಲಿ ಹೊರಟ ಕಾರ್ವಿನ್‌ನಿಗೆ, ಹಿಂದೆ ಚೆಲುವಾಗಿದ್ದ ಗರ್ನಾತ್ ಕಣಿವೆ ಕಪ್ಪಡರಿ ಕಾಣುತ್ತದೆ. ಅದರ ನಡುವೆ ಒಂದು ಕರಿಯ ದಾರಿ ಹಾಯ್ದಿದೆ. ಕಣ್ಣು ಕಳೆದುಕೊಂಡಾಗ ತಾನಿಟ್ಟ ಶಾಪವೇ ಆ ಕೇಡಿಗೆ ಬಾಗಿಲು ತೆರೆಯಿತೆಂದು ಅವನಿಗೆ ಅನ್ನಿಸುತ್ತದೆ. ಎರಿಕನ ಮೇಲಿನ ಹಗೆ ಯಾರ ನೆಲವನ್ನು ಸುಟ್ಟಿತೆಂಬ ಅರಿವು ಅಲ್ಲಿ ತಲೆದೋರುತ್ತದೆ. ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಹೇಳುವ ಉಪಾಧ್ಯಾಯರು ಭರತ ಬಾಹುಬಲಿಯರ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು, ಗೆದ್ದವನಾರು ಎಂಬ ಪ್ರಶ್ನೆಗೆ ಮೊದಲು ಸತ್ತವರಾರು ಎಂದು ಕೇಳಲಿ. ಆ ಪ್ರಶ್ನೆಯನ್ನು ತಾಳಿಕೊಳ್ಳಬಲ್ಲ ಶಕ್ತಿ ಈ ಕಾದಂಬರಿಗಿದೆ.