‘ದೀಪನ್’ ಚಿತ್ರದಲ್ಲಿ ಪಾಸ್‌ಪೋರ್ಟಿನ ಪ್ರಶ್ನೆ

ಜಾಕ್ ಓಡಿಯಾರ್ ನಿರ್ದೇಶಿಸಿದ ‘ದೀಪನ್’ ಎಂಬ ಫ್ರೆಂಚ್ ಚಲಚ್ಚಿತ್ರಕ್ಕೆ 2015ರ ಕಾನ್ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ದೊರೆಯಿತು. ಇದನ್ನು ವಲಸೆಯ ಕಥೆಯೆಂದು ಕರೆಯುವುದು ವಾಡಿಕೆ. ಆದರೆ ಇದರ ಬೀಜವಿರುವುದು ಒಂದು ಪಾಸ್‌ಪೋರ್ಟಿನಲ್ಲಿ ಎಂಬುದು ನಮ್ಮ ಅಭಿಪ್ರಾಯ.

2009ರಲ್ಲಿ ಶ್ರೀಲಂಕೆಯ ಯುದ್ಧ ಮುಗಿಯುವ ಕಾಲ. ತಮಿಳು ಹುಲಿಗಳ ಪಡೆಯ ಶಿವದಾಸನ್ ತನ್ನ ಸಮವಸ್ತ್ರವನ್ನು ಚಿತೆಗೆ ಹಾಕುತ್ತಾನೆ. ತಾನು ಎದುರಿಸಿ ಹೋರಾಡಿದ ಸರಕಾರವನ್ನೇ ಪಾಸ್‌ಪೋರ್ಟಿಗಾಗಿ ಬೇಡುವಂತಿಲ್ಲ. ಆದುದರಿಂದ ಸತ್ತ ದೀಪನ್ ಎಂಬಾತನ ಪತ್ರಗಳನ್ನು ಪಡೆದು, ಪರಿಚಯವಿಲ್ಲದ ಹೆಂಗಸನ್ನು ಹೆಂಡತಿಯೆಂದೂ ಅನಾಥ ಬಾಲಿಕೆಯನ್ನು ಮಗಳೆಂದೂ ಹೇಳಿಕೊಂಡು ಫ್ರಾನ್ಸಿಗೆ ತೆರಳುತ್ತಾನೆ.

ಇಲ್ಲಿ ಕಾನೂನನ್ನು ಕೊಂಚ ಗಮನಿಸಬೇಕು. ಪ್ರಾಣಭಯದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳಿಗೆ ತಿಳಿಸಿ, ತಕ್ಕ ಕಾರಣ ತೋರಿಸುವ ನಿರಾಶ್ರಿತನನ್ನು ಅಕ್ರಮ ಪ್ರವೇಶಕ್ಕಾಗಿ ದಂಡಿಸಬಾರದೆಂದು 1951ರ ನಿರಾಶ್ರಿತರ ಒಪ್ಪಂದದ 31ನೆಯ ವಿಧಿ ಹೇಳುತ್ತದೆ. ಅದೇ ಒಪ್ಪಂದದ ಮೊದಲನೆಯ ವಿಧಿಯು ಯುದ್ಧಾಪರಾಧವೇ ಮೊದಲಾದುವನ್ನು ಎಸಗಿರುವನೆಂದು ಭಾವಿಸಲು ಬಲವಾದ ಕಾರಣಗಳುಳ್ಳವನನ್ನು ಹೊರಗಿಡುತ್ತದೆ. ಸಂಘಟನೆಯ ಸದಸ್ಯತ್ವ ಮಾತ್ರದಿಂದಲೇ ಹೀಗೆ ತೀರ್ಮಾನಿಸಲಾಗದು, ವ್ಯಕ್ತಿಯ ಕೃತ್ಯವನ್ನೇ ಪರಿಶೀಲಿಸಬೇಕು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿತು. ಹಾಗೆ ಪರಿಶೀಲಿಸಬೇಕಾದರೆ ಬಂದವನು ತನ್ನ ನಿಜವಾದ ಹೆಸರನ್ನು ಹೇಳಬೇಕಷ್ಟೆ. ಗಡಿ ದಾಟಿಸಿದ ಸುಳ್ಳು ಹೆಸರೇ ಆ ವಿಚಾರಣೆಗೆ ಅಡ್ಡಿಯಾಗುತ್ತದೆ.

ಈ ಇಕ್ಕಟ್ಟನ್ನು ಚಿತ್ರವು ಉಪದೇಶವಿಲ್ಲದೆ ತೋರಿಸಿರುವುದು ಶ್ಲಾಘ್ಯ. ನಿರಾಶ್ರಿತನ ಹೇಳಿಕೆ ದುಭಾಷಿಯ ನೆರವಿನಿಂದ ರೂಪುಗೊಳ್ಳುತ್ತದೆ. ಕಾಗದದ ಸಂಸಾರ ಕ್ರಮೇಣ ನಿಜವಾದ ಸಂಸಾರವಾಗುತ್ತದೆ. ಹಳೆಯ ಸೇನಾನಿಯೊಬ್ಬನು ಬಂದು ಯುದ್ಧವನ್ನು ಮುಂದುವರಿಸೆಂದಾಗ, ತನಗೆ ಅದು ಮುಗಿಯಿತೆನ್ನುವ ನಾಯಕನು ಪೆಟ್ಟು ತಿನ್ನುತ್ತಾನೆ. ನಾಯಕನ ಪಾತ್ರ ವಹಿಸಿದ ಲೇಖಕ ಶೋಭಾಶಕ್ತಿಯವರು ಹದಿಹರೆಯದಲ್ಲಿ ಅದೇ ಪಡೆಯಲ್ಲಿದ್ದು, ಅದನ್ನು ತೊರೆದು ಮುಂದೆ ಫ್ರಾನ್ಸಿನಲ್ಲಿ ನೆಲೆಸಿದವರು. ಅವರ ಮೌನಕ್ಕೆ ನಟನೆಯನ್ನು ಮೀರಿದ ತೂಕವಿದೆ.

ಆದರೆ ಕೊನೆಯಲ್ಲಿ ಚಿತ್ರವು ತನ್ನ ಪ್ರಶ್ನೆಯನ್ನೇ ಮರೆಯುತ್ತದೆ. ನಾಯಕನು ಮತ್ತೆ ಆಯುಧ ಹಿಡಿದು ಹೆಂಡತಿಯನ್ನು ಬಿಡಿಸುತ್ತಾನೆ. ಮರುಕ್ಷಣವೇ ಇಂಗ್ಲೆಂಡಿನ ಬಿಸಿಲಿನಲ್ಲಿ ಸುಖಸಂಸಾರ ಕಾಣುತ್ತದೆ. ಯಾವ ಹೆಸರಿನಿಂದ, ಯಾವ ಪತ್ರದಿಂದ ಈ ಎರಡನೆಯ ಗಡಿಯನ್ನು ದಾಟಿದರು? ಇದು ಕನಸೆಂಬ ಸಮಾಧಾನವನ್ನು ಕೆಲವರು ಹೇಳಬಹುದು. ಕನಸಾದರೂ ಅದರಲ್ಲಿ ಶಿವದಾಸನ್ ಎಂಬ ಹೆಸರು ಒಮ್ಮೆಯಾದರೂ ಉಚ್ಚಾರವಾಗಬೇಕಾಗಿತ್ತು. ಸತ್ತವನ ಹೆಸರಿನಲ್ಲಿ ಬದುಕುವವನಿಗೆ ನೆಲ ದೊರೆತರೆ ಸಾಲದು. ತನ್ನ ಹೆಸರನ್ನು ಹೇಳಿ ವಿಚಾರಣೆಗೆ ನಿಲ್ಲುವ ಅವಕಾಶವೂ ದೊರೆಯಬೇಕು. ಆ ಅವಕಾಶವನ್ನು ಕಾನೂನು ತಾತ್ತ್ವಿಕವಾಗಿಯಾದರೂ ಒಪ್ಪಿದೆ. ಕಲೆಯು ಅದನ್ನು ಕಲ್ಪಿಸದೆ ಬಿಟ್ಟಿತೆಂಬುದೇ ನಮ್ಮ ಆಕ್ಷೇಪ.