ಗದಾಯುದ್ಧದ ನಾಯಕನಾರು?

ರನ್ನಕವಿಯ ಗದಾಯುದ್ಧದಲ್ಲಿ ನಾಯಕನು ಭೀಮನೋ ದುರ್ಯೋಧನನೋ ಎಂಬ ಚರ್ಚೆಯು ಕನ್ನಡ ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕವಿಯನ್ನೇ ಕೇಳಿದರೆ ಸಂದೇಹಕ್ಕೆಡೆಯಿಲ್ಲ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮವಿಜಯ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕಥೆಯು ನಡೆದಿದೆ. ಕಡೆಯಲ್ಲಿ ಪಟ್ಟವೂ ಭೀಮನಿಗೇ. ಆದರೂ ಗ್ರಂಥವನ್ನು ಮುಚ್ಚಿಟ್ಟಮೇಲೆ ಅನೇಕರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನನು.

ಓದುವವನು ನಿಂತ ನೆಲೆಯೇ ಇದಕ್ಕೆ ಕಾರಣವೆನ್ನುವವರುಂಟು. ಸತ್ಯಾಶ್ರಯನ ಆಸ್ಥಾನದಲ್ಲಿ ಕುಳಿತು ಕೇಳಿದವನಿಗೆ ಭೀಮನ ಗರ್ಜನೆಯು ತನ್ನ ಒಡೆಯನ ಗರ್ಜನೆಯಾಗಿಯೇ ಕೇಳಿಸಿರಬೇಕು. ಅಲಂಕಾರಶಾಸ್ತ್ರವನ್ನೋದಿದ ಪಂಡಿತನು ಫಲಪ್ರಾಪ್ತಿ ಯಾರಿಗೋ ಅವನೇ ನಾಯಕನೆಂದು ಕ್ಷಣದಲ್ಲಿ ತೀರ್ಮಾನಿಸಿಬಿಡುತ್ತಾನೆ. ಗ್ರೀಕರ ರುದ್ರನಾಟಕಗಳನ್ನು ಬಲ್ಲವನ ಕಣ್ಣಿಗೆ ಬೀಳುವುದೇ ಬೇರೆ. ಬಿ. ಎಂ. ಶ್ರೀಕಂಠಯ್ಯನವರ ಗದಾಯುದ್ಧ ನಾಟಕವು (೧೯೨೬) ಈ ಮೂರನೆಯ ನೋಟದ ಫಲ. ಸೋಫೊಕ್ಲೀಸನ ಏಜಾಕ್ಸ್ ನಾಟಕವನ್ನು ಮುಂದೆ ಅಶ್ವತ್ಥಾಮನ್ ಆಗಿ ಮಾರ್ಪಡಿಸಿದ ಆ ಇಂಗ್ಲಿಷ್ ಅಧ್ಯಾಪಕರಿಗೆ ರನ್ನನಲ್ಲಿಯೂ ದುರಂತನಾಯಕನು ಕಂಡದ್ದು ಆಶ್ಚರ್ಯವಲ್ಲ.

ಇದು ದೋಷವೇ? ಅಭಿನವಗುಪ್ತನು ರಸವಿಘ್ನಗಳನ್ನು ಎಣಿಸುವಲ್ಲಿ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಸೇರಿಸಿದ್ದಾನೆ. ಆದರೆ ಹಿಂದಿನ ಅನುಭವದ ಸಂಸ್ಕಾರವಾದ ವಾಸನೆಯಿಲ್ಲದವನಿಗೆ ರಸವಿಲ್ಲವೆಂಬುದೂ ಆ ಪಕ್ಷದ ಮಾತೇ. ಎಂದಮೇಲೆ ಸಹೃದಯನು ತನ್ನ ಬಾಳನ್ನು ಬಾಗಿಲ ಹೊರಗಿಟ್ಟು ಬರಬೇಕಾಗಿಲ್ಲ. ಅದರ ಸದ್ದಿನಲ್ಲಿ ಕವಿಯ ಮಾತು ಅಡಗದಿದ್ದರೆ ಸಾಕು.

ಮೇಲಾಗಿ ದುರ್ಯೋಧನನ ಮೇಲಣ ಮರುಕವು ಓದುಗನು ಹೊರಗಿನಿಂದ ತಂದು ಹಚ್ಚಿದ ಬಣ್ಣವಲ್ಲ. ಸಂಜಯನೊಡನೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆದು, ದ್ರೋಣನನ್ನೂ ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಮರುಗುವ ದೊರೆಯನ್ನು ನಿರ್ಮಿಸಿದವನು ರನ್ನನೇ. ಶತ್ರುಪುತ್ರನಾದ ಅಭಿಮನ್ಯುವಿನ ಮುಂದೆ ಕೈಮುಗಿದು ನಿಲ್ಲುವ ಔದಾರ್ಯವನ್ನು ಅವನಿಗೆ ಕೊಟ್ಟವನೂ ರನ್ನನೇ. ಅದಕ್ಕೆ ಗ್ರೀಕರ ಸಾಕ್ಷ್ಯವೂ ಬೇಡ. ತಿರುವನಂತಪುರದ ಗಣಪತಿಶಾಸ್ತ್ರಿಗಳು ಭಾಸನದೆಂದು ಪ್ರಕಟಿಸಿದ ಊರುಭಂಗದಲ್ಲಿ, ತೊಡೆಮುರಿದ ತಂದೆಯ ಮಡಿಲನ್ನೇರಲು ಬರುವ ಬಾಲಕ ದುರ್ಜಯನನ್ನು ಕಂಡು ಕರಗದವರಾರು?

ಆದರೆ ಭೀಮನನ್ನು ಬರಿಯ ಒರಟನೆಂದು ತಳ್ಳಿ, ರನ್ನನು ಗುಟ್ಟಾಗಿ ದುರ್ಯೋಧನನಿಗಾಗಿಯೇ ಬರೆದನೆನ್ನುವುದು ಅತಿಯಾಯಿತು. ಶ್ರೀಕಂಠಯ್ಯನವರು ತಮ್ಮ ನೋಟಕ್ಕೆ ತಮ್ಮದೇ ನಾಟಕವನ್ನು ಕಟ್ಟಿದರು. ಅದು ಪ್ರಾಮಾಣಿಕವಾದ ಮಾರ್ಗ. ಕಾವ್ಯದ ಆರಂಭದಲ್ಲಿಯೇ ಬಿಚ್ಚಿದ ಮುಡಿಯ ದ್ರೌಪದಿಯು ಭೀಮನನ್ನು ಕೆಣಕಿ ಎಬ್ಬಿಸುತ್ತಾಳೆ. ಅವಳ ಮಾತನ್ನು ಕೇಳಿ ಮುಂದುವರಿದವನು ಆ ರಣಭೂಮಿಗೆ ಬರುವಾಗ ಮರುಕದೊಡನೆ ಮತ್ತೊಂದು ನೆನಪನ್ನೂ ಹೊತ್ತು ಬರುತ್ತಾನೆ. ನಮ್ಮ ಪಠ್ಯಪುಸ್ತಕಗಳಾದರೋ ದುರ್ಯೋಧನನ ವಿಲಾಪವನ್ನೂ ಛಲದ ನುಡಿಗಳನ್ನೂ ಆಯ್ದು ಕೊಡುವುದೇ ಹೆಚ್ಚು. ಅಷ್ಟನ್ನೇ ಓದಿದ ಬಾಲಕನು ದ್ರೌಪದಿಯನ್ನು ಕಾಣಲೇ ಇಲ್ಲ. ಅವನ ಮರುಕವು ಅವನದೂ ಅಲ್ಲ, ರನ್ನನದೂ ಅಲ್ಲ, ಪಾಠವನ್ನು ಆಯ್ದವರದು.