ಮೆದುಳಿನಿಂದ ಬೆರಳಿಗೆ ಒಂದೇ ತಂತಿಯೇ?

ಎಡ ಮೆದುಳಿನಿಂದ ಹೊರಟ ಕೆಂಪು ಗೆರೆಯೊಂದು ಕತ್ತಿನ ಬಳಿ ಬಲಕ್ಕೆ ದಾಟಿ ನೇರವಾಗಿ ಬಲಗೈಯನ್ನು ತಲಪುತ್ತದೆ. ಇಂಥ ಚಿತ್ರವನ್ನು ಶಾಲೆಯ ಗೋಡೆಪಟಗಳಲ್ಲಿ ನೀವು ನೋಡಿರಬಹುದು. ಪರೀಕ್ಷೆಗೆ ಇಷ್ಟು ಸಾಕು. ತಿಳಿವಳಿಕೆಗೆ ಸಾಕೇ?

ಚಿತ್ರದ ಗುಣವನ್ನು ಮೊದಲು ಹೇಳೋಣ. ಗೆರೆ ಅಡ್ಡ ಹಾಯುವುದು ನಿಜ. ಮೆಡುಲಾದ ಮುಂಭಾಗದಲ್ಲಿ 'ಪಿರಮಿಡ್' ಎಂಬ ಎರಡು ಉಬ್ಬುಗಳಿವೆ. ಅವುಗಳ ಕೆಳತುದಿಯಲ್ಲಿ ನರತಂತುಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ.

ಇನ್ನು ದೋಷಗಳು. ಅಲ್ಲಿರುವುದು ಒಂದು ತಂತಿಯಲ್ಲ. ಒಂದೊಂದು ಬದಿಯಲ್ಲೂ ಸುಮಾರು 10 ಲಕ್ಷ ತಂತುಗಳಿವೆ. ನೂರರಲ್ಲಿ 85ರಿಂದ 90 ಮಾತ್ರ ಅಲ್ಲಿ ದಾಟುತ್ತವೆ, ಉಳಿದವು ಅದೇ ಬದಿಯಲ್ಲಿ ಇಳಿಯುತ್ತವೆ. ಅವು ಹೊರಡುವುದೂ ಒಂದೇ ಬಿಂದುವಿನಿಂದಲ್ಲ. 1874ರಲ್ಲಿ ಬೆಟ್ಸ್ ವರ್ಣಿಸಿದ ದೈತ್ಯ ಕೋಶಗಳು ಪ್ರಸಿದ್ಧವಾದರೂ ಅವುಗಳಿಂದ ಬರುವ ತಂತುಗಳು ನೂರಕ್ಕೆ ಮೂರರಷ್ಟು ಮಾತ್ರ. ಸ್ಪರ್ಶವನ್ನು ಗ್ರಹಿಸುವ ತೊಗಟೆಯ ಭಾಗದಿಂದಲೂ ತಂತುಗಳು ಬಂದು ಸೇರುತ್ತವೆ.

ಮೂರನೆಯದು ದೊಡ್ಡ ದೋಷ. ಈ ತಂತು ಸ್ನಾಯುವನ್ನು ಮುಟ್ಟುವುದೇ ಇಲ್ಲ! ಅದು ಮೆದುಳುಬಳ್ಳಿಯಲ್ಲೇ ಕೊನೆಗೊಳ್ಳುತ್ತದೆ. ಅಲ್ಲಿಂದ ಸ್ನಾಯುವಿಗೆ ಹೋಗುವುದು ಬೇರೊಂದು ನರಕೋಶ. ಪೋಲಿಯೊ ಕೆಡಿಸುವುದು ಈ ಎರಡನೆಯ ಕೋಶವನ್ನು. ಆಗ ಕಾಲು ಜೋತುಬಿದ್ದು ಸೊರಗುತ್ತದೆ. ಪಾರ್ಶ್ವವಾಯುವಿನಲ್ಲಿ ಕೆಡುವುದು ಮೇಲಿನ ದಾರಿ. ಮೊದಲು ಸೋತ ಕೈ ದಿನ ಕಳೆದಂತೆ ಬಿಗಿಯುತ್ತದೆ. ಒಂದೇ ಗೆರೆಯ ಚಿತ್ರ ಈ ವ್ಯತ್ಯಾಸವನ್ನು ವಿವರಿಸಲಾರದು.

ಇದು ಬರೀ ಪಾಠದ ಮಾತಲ್ಲ. ತುಮಕೂರು ರಸ್ತೆಯ ಮಾದನಾಯಕನಹಳ್ಳಿಯ ಶಾಲೆಯೊಂದನ್ನು ಊಹಿಸಿಕೊಳ್ಳಿ. ವಿದ್ಯಾರ್ಥಿಯೊಬ್ಬಳ ತಂದೆ ಕಾರ್ಖಾನೆಯಲ್ಲಿ ಹೆಬ್ಬೆರಳು, ತೋರುಬೆರಳುಗಳಿಂದ ಮೈಕ್ರೊಮೀಟರಿನ ತಿರುಪನ್ನು ನವಿರಾಗಿ ತಿರುಗಿಸುವವರು. ಒಂದು ಬೆಳಗ್ಗೆ ಅವರ ಕೈಯಿಂದ ಕಾಫಿ ಲೋಟ ಜಾರುತ್ತದೆ, ಬಾಯಿ ಓರೆಯಾಗುತ್ತದೆ. ಮನೆಯವರು ಕೈಗೆ ಎಣ್ಣೆ ತಿಕ್ಕುತ್ತ ಕುಳಿತರೆ? ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸ್ಕ್ಯಾನ್ ಮಾಡಿದ ಮೇಲೆ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೆಟ್ಟಿರುವುದು ಕೈಯಲ್ಲ, ತಲೆಯೊಳಗಿನ ದಾರಿ ಎಂದು ಆ ಹುಡುಗಿಗೆ ಗೊತ್ತಿದ್ದರೆ ಮನೆಯವರನ್ನು ತಡಮಾಡದೆ ಆಸ್ಪತ್ರೆಗೆ ಹೊರಡಿಸಿಯಾಳು.

ಶಿಕ್ಷಕರೇ, ಗೋಡೆಪಟವನ್ನು ಕಿತ್ತುಹಾಕಬೇಕಿಲ್ಲ. ಅದರ ಪಕ್ಕದಲ್ಲೇ ಕಪ್ಪುಹಲಗೆಯ ಮೇಲೆ ಎರಡು ಬಣ್ಣದ ಸೀಮೆಸುಣ್ಣದಿಂದ ಎರಡು ಗೆರೆ ಎಳೆಯಿರಿ: ತೊಗಟೆಯಿಂದ ಮೆದುಳುಬಳ್ಳಿಗೆ ಒಂದು, ಅಲ್ಲಿಂದ ಸ್ನಾಯುವಿಗೆ ಇನ್ನೊಂದು. ಸಾಧ್ಯವಾದರೆ ಮಕ್ಕಳನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಕರೆದೊಯ್ಯಿರಿ; ಅಲ್ಲಿ ನಿಜವಾದ ಮೆದುಳುಗಳನ್ನೇ ತೋರಿಸಬಹುದು.